ಪೆಟ್ಟಿಗೆಯ ಮೇಲಿನ 150 ಪೌಂಡು

ಭಾನುವಾರ ಬೆಳಗಿನ ಜಾವ ಹೆಬ್ಬಾಳದ ಮೇಲ್ಸೇತುವೆಯ ಉತ್ತರದ ತುದಿಯಲ್ಲಿ ನಿಂತು ನೋಡಿದವರಿಗೆ ಒಂದು ವಿಚಿತ್ರವಾದ ಮೆರವಣಿಗೆ ಕಾಣಸಿಗುತ್ತದೆ. ಎತ್ತರವಾದ, ದಪ್ಪ ಟೈರುಗಳ, ನಾಲ್ಕು ಚಕ್ರಗಳಿಗೂ ಎಂಜಿನ್ನಿನ ಬಲ ಹರಿಯತಕ್ಕ ಜೀಪಿನ ಜಾತಿಯ ವಾಹನಗಳು ಒಂದರ ಹಿಂದೊಂದು ಯಲಹಂಕದ ಕಡೆಗೆ ಧಾವಿಸುತ್ತಿರುತ್ತವೆ. ಕೆಲವು ನಂದಿಬೆಟ್ಟದ ಸುತ್ತಿನ ಕಲ್ಲುದಾರಿಗಳಿಗೆ ಹೋಗುತ್ತವೆ. ಮತ್ತೆ ಕೆಲವು ದೊಡ್ಡಬಳ್ಳಾಪುರವನ್ನು ಹಾದು ಗೌರಿಬಿದನೂರಿನ ಕಡೆಯ ಮರಳನ್ನು ಹುಡುಕಿಕೊಂಡು ಹೋಗುತ್ತವೆ. ಡಾಂಬರು ಬಿಟ್ಟು ಓಡಿಸುವ ಈ ಹವ್ಯಾಸ ಒಳ್ಳೆಯದೆ, ಕೆಟ್ಟದ್ದೆ ಎಂಬ ಚರ್ಚೆಗೆ ನಾವು ಇಲ್ಲಿ ಇಳಿಯುವುದಿಲ್ಲ. ಬೆಳೆಯಿರುವ ಕೆರೆಯಂಗಳದಲ್ಲಿ ಗಾಲಿ ಹರಿಸುವುದು ಅನ್ಯಾಯವೆಂಬ ಒಂದು ಮಾತನ್ನಷ್ಟೇ ಹೇಳಿ ಮುಂದುವರಿಯುತ್ತೇವೆ. ಸಂಜೆ ಇವೇ ವಾಹನಗಳು ಹೆದ್ದಾರಿಗೆ ಮರಳುವಾಗ ಅವುಗಳ ಟೈರುಗಳಲ್ಲಿ ಎಷ್ಟು ಗಾಳಿ ಇರುತ್ತದೆ ಎಂಬುದೇ ನಮ್ಮ ಪ್ರಶ್ನೆ.

ಟೈರಿನ ಗಾಳಿಯನ್ನು ಬೇಕೆಂದೇ ಬಿಡುವುದುಂಟೆ ಎಂದು ಕೆಲವರಿಗೆ ಆಶ್ಚರ್ಯವಾಗಬಹುದು. ಉಂಟು, ಅದಕ್ಕೆ ಕಾರಣವೂ ಉಂಟು. ವಾಹನದ ಭಾರವನ್ನು ಮುಖ್ಯವಾಗಿ ಹೊರುವುದು ರಬ್ಬರಲ್ಲ, ಅದರೊಳಗೆ ಸೆರೆಯಾದ ಗಾಳಿ. ಬೆಲ್‌ಫಾಸ್ಟಿನ ಪಶುವೈದ್ಯನಾದ ಡನ್ಲಪ್ ತನ್ನ ಮಗನ ಮೂರು ಗಾಲಿಯ ಸೈಕಲ್ಲಿಗಾಗಿ ಹೂಡಿದ ಉಪಾಯಕ್ಕೆ 1888ರಲ್ಲಿ ಸ್ವಾಮ್ಯಪತ್ರ ಪಡೆದ ಅಂದಿನಿಂದ ಇಂದಿನವರೆಗೆ ಈ ತತ್ತ್ವ ಬದಲಾಗಿಲ್ಲ. ಸವಾರರೂ ಸೇರಿ 1,800 ಕಿಲೋಗ್ರಾಂ ತೂಗುವ ವಾಹನದಲ್ಲಿ ಒಂದೊಂದು ಚಕ್ರದ ಪಾಲಿಗೆ 450 ಕಿಲೋಗ್ರಾಂ ಬರುತ್ತದೆ. ಟೈರಿನೊಳಗೆ ಚದರ ಅಂಗುಲಕ್ಕೆ 32 ಪೌಂಡು, ಅಂದರೆ ಚದರ ಸೆಂಟಿಮೀಟರಿಗೆ ಸುಮಾರು 2.25 ಕಿಲೋಗ್ರಾಂ ಒತ್ತಡವಿದ್ದರೆ, 200 ಚದರ ಸೆಂಟಿಮೀಟರಿನಷ್ಟು ಟೈರು ನೆಲಕ್ಕೆ ಒತ್ತಿಕೊಂಡರೆ ಸಾಕು, ಭಾರ ನಿಲ್ಲುತ್ತದೆ. ಅದೇ ಒತ್ತಡವನ್ನು 18 ಪೌಂಡಿಗೆ ಇಳಿಸಿದರೆ 355 ಚದರ ಸೆಂಟಿಮೀಟರು ಬೇಕಾಗುತ್ತದೆ. ಟೈರಿನ ಪಕ್ಕದ ಗೋಡೆಗೂ ಒಂದಿಷ್ಟು ಬಿಗಿತವಿರುವುದರಿಂದ ಈ ಲೆಕ್ಕ ಅಂಕಿಗೆ ಅಂಕಿ ಸರಿಹೊಂದುವುದಿಲ್ಲ. ಆದರೂ ಸಾರಾಂಶ ಇದೇ. ಮರಳಿನ ಮೇಲೆ ಚಾಕುವಿನಂತೆ ಇಳಿಯುತ್ತಿದ್ದ ಚಕ್ರ ಈಗ ಒಂಟೆಯ ಪಾದದಂತೆ ಹರಡಿಕೊಂಡು ತೇಲುತ್ತದೆ.

ಡಾಂಬರಿಗೆ ಬಂದೊಡನೆ ಇದೇ ಗುಣ ದೋಷವಾಗುತ್ತದೆ. ಗಂಟೆಗೆ 80 ಕಿಲೋಮೀಟರು ವೇಗದಲ್ಲಿ ಈ ಗಾತ್ರದ ಚಕ್ರ ಸೆಕೆಂಡಿಗೆ ಸುಮಾರು ಒಂಬತ್ತು ಸುತ್ತು ತಿರುಗುತ್ತದೆ. ಮೆತ್ತಗಿನ ಟೈರಿನ ಗೋಡೆ ಪ್ರತಿ ಸುತ್ತಿಗೊಮ್ಮೆ ಆಳವಾಗಿ ಬಾಗಿ ಮತ್ತೆ ನೆಟ್ಟಗಾಗಬೇಕು. ತಂತಿಯ ತುಂಡೊಂದನ್ನು ಹಿಂದಕ್ಕೂ ಮುಂದಕ್ಕೂ ಬಗ್ಗಿಸುತ್ತ ಹೋದರೆ ಬಗ್ಗಿದ ಜಾಗ ಬಿಸಿಯಾಗುವುದನ್ನು ವಿದ್ಯಾರ್ಥಿಗಳು ಕೈಯಾರೆ ಕಂಡಿರಬಹುದು. ರಬ್ಬರು ಶಾಖವನ್ನು ಸುಲಭವಾಗಿ ಹೊರಗೆ ಬಿಡುವ ವಸ್ತುವಲ್ಲ. ಹತ್ತು ಹನ್ನೆರಡು ಮೈಲಿ ಓಡಿದ ಮೇಲೆ ಪದರಗಳು ಬಿಟ್ಟುಕೊಂಡು ಟೈರು ಸಿಡಿಯಿತೆಂದರೆ, ಆ ವೇಗದಲ್ಲಿ ಅಷ್ಟೆತ್ತರದ ವಾಹನವನ್ನು ಹಿಡಿದು ನಿಲ್ಲಿಸುವುದು ಚಾಲಕನ ಕೈಯಲ್ಲಿ ಇರುವುದಿಲ್ಲ. ಆದುದರಿಂದ ಗಾಳಿ ಬಿಟ್ಟವನು ಹೆದ್ದಾರಿ ಮುಟ್ಟುವ ಮುನ್ನ ಅದನ್ನು ಮರಳಿ ತುಂಬಲೇಬೇಕು. ಅದಕ್ಕಾಗಿ ಜೊತೆಯಲ್ಲಿ ಒಯ್ಯುವ ಸಣ್ಣ ವಾಯುಸಂಪೀಡಕದ, ಅಂಗಡಿಯ ಮಾತಿನಲ್ಲಿ ಕಂಪ್ರೆಸರಿನ, ಆಯ್ಕೆ ಶೋಕಿಯ ವಿಷಯವಲ್ಲ.

ನಮಗೆ ಇದು ಅರಿವಾದದ್ದು ತಡವಾಗಿ, ಅದೂ ಉತ್ತರಪಿನಾಕಿನಿಯ ಬತ್ತಿದ ಪಾತ್ರದ ಬಳಿಯಲ್ಲಿ. ಆರ್.ಟಿ. ನಗರದಿಂದ ಹೊರಟ ನಾವು ಮೂವರು ಗೌರಿಬಿದನೂರಿನ ಆಚೆ, ಎತ್ತಿನಗಾಡಿಗಳು ನದಿ ದಾಟುವ ಜಾಡಿನಲ್ಲಿ ಟೈರುಗಳನ್ನು 18 ಪೌಂಡಿಗೆ ಇಳಿಸಿ ಸುಖವಾಗಿ ದಾಟಿದ್ದೆವು. ಹಿಂದಿರುಗುವ ಹೊತ್ತಿಗೆ ಹೊಸದಾಗಿ ಕೊಂಡ ಪಂಪನ್ನು ಹೊರತೆಗೆದೆವು. ಅದರ ಪೆಟ್ಟಿಗೆಯ ಮೇಲೆ ಹೆಬ್ಬೆರಳು ಗಾತ್ರದ ಅಕ್ಷರಗಳಲ್ಲಿ 150 ಪೌಂಡು ಎಂದೂ, ಅದರ ಕೆಳಗೆ ನಿಮಿಷಕ್ಕೆ 35 ಲೀಟರು ಎಂದೂ ಅಚ್ಚಾಗಿತ್ತು. ಮೊದಲನೆಯ ಟೈರಿಗೆ ಐದು ನಿಮಿಷ ಹಿಡಿಯಿತು. ಎರಡನೆಯದಕ್ಕೆ ಅದಕ್ಕಿಂತ ತುಸು ಹೆಚ್ಚು. ಮೂರನೆಯದನ್ನು ತುಂಬುತ್ತಿರುವಾಗ ಸುಟ್ಟ ವಾಸನೆ ಬಂದು ಮೋಟಾರು ನಿಂತೇಹೋಯಿತು. ಕೊಳವೆಯ ತುದಿಯ ಹಿತ್ತಾಳೆಯ ಬಿರಡೆಯನ್ನು ಮುಟ್ಟಿದ ಸ್ನೇಹಿತರ ಬೆರಳಿಗೆ ಬೊಬ್ಬೆ ಎದ್ದಿತು. ಒಂದು ಪಕ್ಕ ಗಟ್ಟಿ, ಇನ್ನೊಂದು ಪಕ್ಕ ಮೆತ್ತಗಿನ ವಾಹನವನ್ನು ಎತ್ತಿನಗಾಡಿಯ ವೇಗದಲ್ಲಿ ನಡೆಸಿಕೊಂಡು ಊರು ಸೇರಿ ಪೆಟ್ರೋಲ್ ಬಂಕಿಗೆ ಹೋದರೆ, ಅಲ್ಲಿಯ ಗಾಳಿಯಂತ್ರ ಕೆಟ್ಟಿತ್ತು. ಕೊನೆಗೆ ಕತ್ತಲಾದ ಮೇಲೆ ಪಂಚರ್ ಅಂಗಡಿಯವರೊಬ್ಬರು ಬಾಗಿಲು ತೆಗೆದು ಗಾಳಿ ಹಾಕಿಕೊಟ್ಟರು. ಪೆಟ್ಟಿಗೆಯೊಳಗಿನ ಚೀಟಿಯನ್ನು ನಾವು ಓದಿದ್ದು ಮರುದಿನ. ಹತ್ತು ನಿಮಿಷ ಓಡಿದ ಬಳಿಕ ಇಪ್ಪತ್ತು ನಿಮಿಷ ವಿಶ್ರಾಂತಿ ಕೊಡತಕ್ಕದ್ದು ಎಂದು ಸಾಸಿವೆಯಂತಹ ಅಕ್ಷರಗಳಲ್ಲಿ ಅಲ್ಲಿ ಬರೆದಿತ್ತು. ತಪ್ಪು ನಮ್ಮದೂ ಹೌದು. ಆದರೆ ದೊಡ್ಡ ಅಕ್ಷರದ ಅಂಕಿಗಳಿಂದ ನಾವು ತಿಳಿದುಕೊಂಡದ್ದಾದರೂ ಏನು?

ಏನೂ ಇಲ್ಲವೆಂಬುದೇ ನಮ್ಮ ವಾದ. 150 ಪೌಂಡೆಂಬ ಅಂಕಿ ಪಂಪಿನ ಶಕ್ತಿಯನ್ನು ಹೇಳುವುದಿಲ್ಲ. ಪಂಪು ಸೋಲುವ ಜಾಗವನ್ನು ಹೇಳುತ್ತದೆ. ಇದನ್ನು ಸ್ವಲ್ಪ ಬಿಡಿಸಿ ನೋಡೋಣ. ಈ ಪಂಪಿನ ಹೃದಯವೆಂದರೆ ಒಂದು ಉರುಳೆ, ಅದರೊಳಗೆ ಮೇಲೆ ಕೆಳಗೆ ಆಡುವ ಒಂದು ಕೊಂತ. ಕೊಂತ ಎಷ್ಟೇ ಮೇಲಕ್ಕೆ ಬಂದರೂ ಉರುಳೆಯ ತಲೆಗೆ ತಾಗುವಂತಿಲ್ಲ. ಕವಾಟಗಳಿಗೆ ಒಂದಿಷ್ಟು ಸಂದು ಬಿಡಲೇಬೇಕು. ಆ ಸಂದು ಉರುಳೆಯ ಒಟ್ಟು ಗಾತ್ರದ ಹನ್ನೆರಡರಲ್ಲಿ ಒಂದು ಪಾಲೆಂದು ಇಟ್ಟುಕೊಳ್ಳಿ. ಟೈರಿಗೆ ಗಾಳಿಯನ್ನು ನೂಕಿದ ಮೇಲೆ ಆ ಸಂದಿನಲ್ಲಿ ಟೈರಿನ ಒತ್ತಡದ್ದೇ ಗಾಳಿ ಉಳಿದಿರುತ್ತದೆ. ಕೊಂತ ಕೆಳಗಿಳಿಯುವಾಗ ಮೊದಲು ಈ ಹಳೆಯ ಗಾಳಿ ಹಿಗ್ಗಿ ಹೊರಗಿನ ವಾಯುಮಂಡಲದ ಒತ್ತಡಕ್ಕೆ ಇಳಿಯಬೇಕು. ಅನಂತರವೇ ಒಳಕವಾಟ ತೆರೆದು ಹೊಸ ಗಾಳಿ ಬರುವುದು. ಒತ್ತಡ ಹೆಚ್ಚಿದಷ್ಟೂ ಹಳೆಯ ಗಾಳಿ ಹೆಚ್ಚು ಜಾಗ ತಿನ್ನುತ್ತದೆ. ಒತ್ತಡ ವಾಯುಮಂಡಲದ ಹನ್ನೆರಡು ಪಟ್ಟಾದಾಗ, ಬಾಯ್ಲನ ನಿಯಮದಂತೆ, ಸಂದಿನ ಗಾಳಿಯೊಂದೇ ಹಿಗ್ಗಿ ಇಡೀ ಉರುಳೆಯನ್ನು ತುಂಬಿಬಿಡುತ್ತದೆ. ಹೊಸ ಗಾಳಿಗೆ ಎಡೆಯೇ ಇಲ್ಲ. ಮೋಟಾರು ತಿರುಗುತ್ತದೆ, ಸದ್ದು ಮಾಡುತ್ತದೆ, ವಿದ್ಯುತ್ತು ನುಂಗುತ್ತದೆ. ಒಂದು ತೊಟ್ಟು ಗಾಳಿಯೂ ಹೊರಡುವುದಿಲ್ಲ. ಬೆಂಗಳೂರಿನಲ್ಲಿ ಈ ಸ್ಥಿತಿ ಒತ್ತಡಮಾಪಕದಲ್ಲಿ ಸುಮಾರು 145 ಪೌಂಡಿಗೆ ಬರುತ್ತದೆ. ಅಂಗಡಿಯವರು ಹೆಮ್ಮೆಯಿಂದ ತೋರಿಸುವ ದೊಡ್ಡ ಅಂಕಿಯ ಜಾತಕ ಇದು. ನಮ್ಮ ಟೈರಿಗಾದರೋ 35 ಪೌಂಡಿಗಿಂತ ಹೆಚ್ಚು ಬೇಕಾಗುವ ಸಂದರ್ಭ ತೀರ ಅಪರೂಪ.

ನಿಮಿಷಕ್ಕೆ 35 ಲೀಟರೆಂಬ ಎರಡನೆಯ ಅಂಕಿ ಇಷ್ಟು ನಿರರ್ಥಕವಲ್ಲ, ಆದರೆ ಅರ್ಧಸತ್ಯ. ಯಾವ ಒತ್ತಡದ ಎದುರಿಗೆ ಎಂದು ಹೇಳದಿರುವಾಗ ಅದು ಕೊಳವೆಯನ್ನು ಗಾಳಿಯಲ್ಲಿ ತೂಗಬಿಟ್ಟು, ಯಾವ ಅಡ್ಡಿಯೂ ಇಲ್ಲದೆ ಅಳೆದ ಅಂಕಿಯಾಗಿರಬಹುದು. ಮೇಲಿನ ಉರುಳೆಯ ಲೆಕ್ಕವನ್ನೇ ಹಿಡಿದರೆ, ಟೈರಿನಲ್ಲಿ 32 ಪೌಂಡು ಇರುವಾಗ ಅಡ್ಡಿಯಿಲ್ಲದಾಗ ಬರುವುದರ ನೂರಕ್ಕೆ 78ರಷ್ಟು ಮಾತ್ರ ಹೊಸ ಗಾಳಿ ಬರುತ್ತದೆ. ಹೊರೆ ಬಿದ್ದ ಮೋಟಾರು ನಿಧಾನವಾಗುವುದು, ಕೊಂತದ ಪಕ್ಕದಿಂದ ಸೋರುವುದು, ಬಿಸಿಯಾದ ಉರುಳೆಯಲ್ಲಿ ಗಾಳಿ ತೆಳುವಾಗುವುದು, ಇವೆಲ್ಲ ಅದರ ಮೇಲಿನ ನಷ್ಟ.

ಇಲ್ಲಿ ಒಂದು ಮಾತು ಹೇಳಬೇಕೆನಿಸುತ್ತದೆ. ಯಶವಂತಪುರದಿಂದ ಕೂಗಳತೆಯ ದೂರದಲ್ಲಿರುವ ಪೀಣ್ಯದ ಕೈಗಾರಿಕಾ ಬಡಾವಣೆಯಲ್ಲಿ ಸಂಪೀಡಕವಿಲ್ಲದ ಕಾರ್ಯಾಗಾರ ಸಿಗುವುದು ಕಷ್ಟ. ಅಲ್ಲಿಯ ಯಜಮಾನರು ಯಂತ್ರ ಕೊಳ್ಳುವಾಗ ಮೊದಲು ಕೇಳುವುದು, ನಾವು ಕೆಲಸಮಾಡುವ ಒತ್ತಡದಲ್ಲಿ ನಿಮಿಷಕ್ಕೆ ಎಷ್ಟು ಗಾಳಿ ಕೊಡುತ್ತದೆ ಎಂದು. ಅದನ್ನು ಅಳೆಯುವ ವಿಧಾನವನ್ನು ಗೊತ್ತುಪಡಿಸಿದ ಅಂತರರಾಷ್ಟ್ರೀಯ ಮಾನಕವೂ ಇದೆ. ಅದರ ಸಂಖ್ಯೆ 1217. ಕಾರ್ಖಾನೆಯವರಿಗೆ ದೊರೆಯುವ ಈ ಪ್ರಾಮಾಣಿಕ ಅಂಕಿ, ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಬಳ್ಳಾರಿ ರಸ್ತೆಯಲ್ಲಿ ಹಿಂದಿರುಗುವ ಗೃಹಸ್ಥನಿಗೇಕೆ ದೊರೆಯಬಾರದು? ಯಾರೂ ಕೇಳುವುದಿಲ್ಲ, ಆದ್ದರಿಂದ ಯಾರೂ ಅಚ್ಚುಹಾಕುವುದಿಲ್ಲ ಎಂದು ವ್ಯಾಪಾರಿಯೊಬ್ಬರು ನಮಗೆ ನೇರವಾಗಿಯೇ ಹೇಳಿದರು. ಉತ್ತರ ಪ್ರಾಮಾಣಿಕವಾದದ್ದು; ಸಮಾಧಾನಕರವಾದದ್ದಲ್ಲ.

ಹಾಗಾದರೆ ನಮಗೆ ಎಷ್ಟು ಗಾಳಿ ಬೇಕು? ಈ ಲೆಕ್ಕವನ್ನು ಹೈಸ್ಕೂಲಿನ ವಿದ್ಯಾರ್ಥಿಯೂ ಮಾಡಬಹುದು. 245/75 ಆರ್ 16 ಎಂಬ ಗುರುತಿನ ಟೈರಿನ ಒಳಗಾತ್ರ ಸುಮಾರು 60 ಲೀಟರು. ಅದನ್ನು 18ರಿಂದ 32 ಪೌಂಡಿಗೆ, ಅಂದರೆ 14 ಪೌಂಡು ಏರಿಸಬೇಕು. ಸಮುದ್ರಮಟ್ಟದಲ್ಲಿ ವಾಯುಮಂಡಲದ ಒತ್ತಡ ಚದರ ಅಂಗುಲಕ್ಕೆ 14.7 ಪೌಂಡು; ಸುಮಾರು 920 ಮೀಟರು ಎತ್ತರದ ಬೆಂಗಳೂರಿನಲ್ಲಿ ಅದು ಸುಮಾರು 13.2. ಟೈರಿನ ಗಾತ್ರವನ್ನು ಏರಿಸಬೇಕಾದ ಒತ್ತಡದಿಂದ ಗುಣಿಸಿ ವಾಯುಮಂಡಲದ ಒತ್ತಡದಿಂದ ಭಾಗಿಸಿದರೆ ಬೇಕಾಗುವ ಹೊರಗಾಳಿ ಸಿಗುತ್ತದೆ. 60ನ್ನು 14ರಿಂದ ಗುಣಿಸಿ 13.2ರಿಂದ ಭಾಗಿಸಿ: ಹೆಚ್ಚುಕಡಿಮೆ 64 ಲೀಟರು. ನಾಲ್ಕು ಟೈರುಗಳಿಗೆ 255 ಲೀಟರು.

ಈಗ ಅಂಗಡಿಗೆ ಹೋಗಬಹುದು. 32 ಪೌಂಡಿನ ಎದುರಿಗೆ ನಿಮಿಷಕ್ಕೆ 13 ಲೀಟರು ಕೊಡುವ ಪಂಪಿಗೆ ಈ ಕೆಲಸ ಇಪ್ಪತ್ತು ನಿಮಿಷದ್ದು. 55 ಲೀಟರು ಕೊಡುವುದಕ್ಕೆ ಐದು ನಿಮಿಷವೂ ಬೇಡ. ಸಮಯ ಉಳಿಯುವುದೊಂದೇ ಲಾಭವಾಗಿದ್ದರೆ ನಾವು ಇಷ್ಟು ಬರೆಯುತ್ತಿರಲಿಲ್ಲ. ಇಪ್ಪತ್ತು ನಿಮಿಷ ಮರದ ನೆರಳಿನಲ್ಲಿ ಕುಳಿತು ಪುರಿ ತಿನ್ನಬಹುದು. ಪ್ರಶ್ನೆ ಶಾಖದ್ದು. ಗಾಳಿಯನ್ನು ಥಟ್ಟನೆ ಅದುಮಿದರೆ ಅದು ಬಿಸಿಯಾಗುತ್ತದೆ. ಸೈಕಲ್ ಪಂಪಿನ ತುದಿ ಸುಡುವುದು ಎಲ್ಲರಿಗೂ ಗೊತ್ತು. 27 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಬೆಂಗಳೂರಿನ ಗಾಳಿಯನ್ನು, ಶಾಖ ಹೊರಗೆ ಹೋಗದಂತೆ, ಮಾಪಕದ 32 ಪೌಂಡಿನವರೆಗೆ ಅದುಮಿದರೆ ಅದರ ಉಷ್ಣತೆ ಸುಮಾರು 150 ಡಿಗ್ರಿಗೆ ಏರಬೇಕೆಂದು ಲೆಕ್ಕ ಹೇಳುತ್ತದೆ. 150 ಪೌಂಡಿನವರೆಗೆ ಅದುಮಿದರೆ 340 ಡಿಗ್ರಿ! ಸ್ನೇಹಿತರ ಬೆರಳಿನ ಬೊಬ್ಬೆಗೆ ಇದಕ್ಕಿಂತ ಬೇರೆ ವಿವರಣೆ ಬೇಕಿಲ್ಲ. ವಾಸ್ತವದಲ್ಲಿ ಉರುಳೆಯ ಲೋಹ ಈ ಶಾಖವನ್ನು ಹೀರಿ ಹೊರಗೆ ಚೆಲ್ಲುತ್ತಿರುತ್ತದೆ. ಆದ್ದರಿಂದ ಪಂಪಿನ ಮೈ ದಪ್ಪ ಅಲ್ಯೂಮಿನಿಯಮ್ಮಿನದೆ, ಅದಕ್ಕೆ ಶಾಖ ಚೆಲ್ಲುವ ರೆಕ್ಕೆಗಳಿವೆಯೆ, ಇಲ್ಲವೆ ಎಲ್ಲವೂ ಪ್ಲಾಸ್ಟಿಕ್ಕಿನ ಹೊದಿಕೆಯೊಳಗೆ ಮುಚ್ಚಿಹೋಗಿದೆಯೆ ಎಂಬುದನ್ನು ಕಣ್ಣಿಟ್ಟು ನೋಡಬೇಕು. ಎಷ್ಟು ಹೊತ್ತು ಓಡಬಹುದು, ಎಷ್ಟು ಹೊತ್ತು ತಣಿಯಬೇಕು ಎಂಬ ಚೀಟಿಯನ್ನು ಹಣ ಕೊಡುವ ಮೊದಲೇ ಕೇಳಿ ಓದಬೇಕು. ನಾಲ್ಕು ಟೈರುಗಳ ಕೆಲಸ ಆ ಅವಧಿಯ ಅರ್ಧದಲ್ಲಿ ಮುಗಿಯದಿದ್ದರೆ ಆ ಪಂಪು ನಮ್ಮದಲ್ಲ.

ವಿದ್ಯುತ್ತಿನ ವಿಚಾರ ಚಿಕ್ಕದು, ಆದರೆ ಮರೆಯುವಂತಹುದಲ್ಲ. ವಾಹನದೊಳಗಿನ 12 ವೋಲ್ಟಿನ ಸಿಗರೇಟು ರಂಧ್ರಕ್ಕೆ 15 ಆಂಪಿಯರಿನ ಫ್ಯೂಸು ಇದ್ದರೆ, ಅಲ್ಲಿಂದ ಸೆಳೆಯಬಹುದಾದ ಶಕ್ತಿ 180 ವಾಟು, ಅದಕ್ಕಿಂತ ಹೆಚ್ಚಲ್ಲ. ಬೇಗ ಗಾಳಿ ತುಂಬುವ ಪಂಪಿಗೆ 30 ಆಂಪಿಯರು ಬೇಕಾದೀತು. ಅದನ್ನು ನೇರವಾಗಿ ಬ್ಯಾಟರಿಗೆ ಚಿಮಟಗಳಿಂದ ಕಚ್ಚಿಸಿ, ಎಂಜಿನ್ನನ್ನು ಚಾಲೂ ಇಟ್ಟು ಓಡಿಸತಕ್ಕದ್ದು. ಮುಚ್ಚಿದ ಗ್ಯಾರೇಜಿನಲ್ಲಿ ಹೀಗೆ ಮಾಡಬಾರದು. ಹೊಗೆಯಲ್ಲಿಯ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ.

ಕಾಲಿನಿಂದ ತುಳಿಯುವ ಪಂಪು ಸಾಲದೆ ಎಂದು ಹಿರಿಯರು ಕೇಳುತ್ತಾರೆ. ತುಳಿತಕ್ಕೆ ಅರ್ಧ ಲೀಟರೆಂದು ಧಾರಾಳವಾಗಿ ಲೆಕ್ಕ ಹಿಡಿದರೂ 255 ಲೀಟರಿಗೆ 510 ತುಳಿತಗಳಾದವು. ವ್ಯಾಯಾಮಕ್ಕೆ ಅಡ್ಡಿಯಿಲ್ಲ. ಅಂಗೈಯಲ್ಲಿ ಹಿಡಿಯುವ, ಲಿಥಿಯಮ್ ಬ್ಯಾಟರಿಯ ಪುಟ್ಟ ಪಂಪುಗಳು ಈಗ ಎಲ್ಲೆಲ್ಲೂ ಕಾಣುತ್ತಿವೆ. ಸೈಕಲ್ಲಿಗೆ, ಸ್ಕೂಟರಿಗೆ, ಕಾರಿನಲ್ಲಿ ಎರಡು ಮೂರು ಪೌಂಡು ಇಳಿದಾಗ ಅವು ಉಪಕಾರಿಯೇ. ನಾಲ್ಕು ದೊಡ್ಡ ಟೈರುಗಳನ್ನು 14 ಪೌಂಡು ಏರಿಸುವ ಹೊರೆಯನ್ನು ಅವುಗಳ ಮೇಲೆ ಹೇರುವುದು ಕರುವಿಗೆ ನೊಗ ಕಟ್ಟಿದಂತೆ. ಪೆಟ್ರೋಲ್ ಬಂಕಿನ ಗಾಳಿಯಂತೂ ಎಲ್ಲಕ್ಕಿಂತ ಉತ್ತಮ. ಗಾಳಿ ಬಿಟ್ಟ ಜಾಗಕ್ಕೂ ಬಂಕಿಗೂ ನಡುವೆ ಹೆದ್ದಾರಿ ಇಲ್ಲದಿದ್ದರೆ.

ಪಂಪಿಗಿಂತ ಮೊದಲು ಕೊಳ್ಳಬೇಕಾದ ವಸ್ತುವೊಂದಿದೆ. ಅದು ಒಳ್ಳೆಯ ಒತ್ತಡಮಾಪಕ. ಪಂಪಿನ ಮೇಲೆಯೇ ಕೂರಿಸಿದ ಮಾಪಕ, ಗಾಳಿ ಹರಿಯುತ್ತಿರುವಾಗ ಟೈರಿನ ಒತ್ತಡವನ್ನು ತೋರಿಸುವುದಿಲ್ಲ. ಕೊಳವೆಯ ಬುಡದ ಒತ್ತಡವನ್ನು ತೋರಿಸುತ್ತದೆ. ಕೊಳವೆಯೂ ಕವಾಟವೂ ಹರಿವಿಗೆ ಅಡ್ಡಿಮಾಡುವುದರಿಂದ ಅದು ಯಾವಾಗಲೂ ಹೆಚ್ಚಿಗೆಯೇ ಇರುತ್ತದೆ. ಮಾಪಕ 32 ಎಂದಿತೆಂದು ನಿಲ್ಲಿಸಿದವನ ಟೈರಿನಲ್ಲಿ 28 ಇದ್ದರೂ ಇರಬಹುದು. ನಿಲ್ಲಿಸಿ, ಬಿಡಿಸಿ, ಬೇರೆ ಮಾಪಕದಿಂದ ನೋಡಬೇಕು. ಟೈರು ಬಿಸಿಯಾಗಿದೆಯೆ ಎಂಬುದನ್ನೂ ಗಮನದಲ್ಲಿಡಬೇಕು. ಉಷ್ಣತೆ ಹತ್ತು ಡಿಗ್ರಿ ಏರಿದರೆ ಮಾಪಕ ಒಂದೂವರೆ ಪೌಂಡಿನಷ್ಟು ಏರುತ್ತದೆ. ಬೆಟ್ಟದಿಂದ ಆಗತಾನೆ ಇಳಿದು ಬಂದ ಟೈರಿನಲ್ಲಿ ಹೆಚ್ಚು ಕಂಡಿತೆಂದು ಗಾಳಿ ಬಿಟ್ಟವನು ಮರುದಿನ ಬೆಳಿಗ್ಗೆ ಕಡಮೆ ಗಾಳಿಯ ವಾಹನವನ್ನು ಹತ್ತುತ್ತಾನೆ. ಇನ್ನೊಂದು ಸ್ವಾರಸ್ಯವಿದೆ. ಮಾಪಕ ತೋರಿಸುವುದು ಒಳಗಿನ ಒತ್ತಡಕ್ಕೂ ಹೊರಗಿನ ಒತ್ತಡಕ್ಕೂ ಇರುವ ವ್ಯತ್ಯಾಸವನ್ನು. ಯಲಹಂಕದಲ್ಲಿ 32 ತುಂಬಿಸಿಕೊಂಡು ಘಟ್ಟ ಇಳಿದು ಮಂಗಳೂರು ಸೇರಿದರೆ, ಉಷ್ಣತೆ ಒಂದೇ ಆಗಿದ್ದಲ್ಲಿ, ಹೊರಗಿನ ಗಾಳಿಯ ಭಾರ ಹೆಚ್ಚಿದ ಕಾರಣದಿಂದಲೇ ಮಾಪಕ 30.5 ತೋರಿಸುತ್ತದೆ. ಒಳಗಿನಿಂದ ಒಂದು ಅಣುವೂ ಸೋರಿರುವುದಿಲ್ಲ. ಕರಾವಳಿಯ ಸೆಕೆ ಈ ನಷ್ಟವನ್ನು ಬಹುಮಟ್ಟಿಗೆ ತುಂಬಿಕೊಡುತ್ತದೆನ್ನಿ.

ಕಾಲೇಜು ವಿದ್ಯಾರ್ಥಿಗೆ ಜೀಪು ಎಲ್ಲಿಂದ ಬರಬೇಕು, ಈ ಪುರಾಣ ಅವರಿಗೇಕೆ ಎಂದು ನಮ್ಮ ಮಿತ್ರರೊಬ್ಬರು ಆಕ್ಷೇಪಿಸಿದರು. ವಾಹನ ಅಣ್ಣನದೋ ಚಿಕ್ಕಪ್ಪನದೋ ಇರಬಹುದು. ಅದರಲ್ಲಿ ಹಿಂದಿನ ಸೀಟಿನಲ್ಲಿ ಕೂರುವವರು ಇವರೇ. ಇಷ್ಟಕ್ಕೂ ಪಠ್ಯಪುಸ್ತಕದ ಬಾಯ್ಲನ ನಿಯಮಕ್ಕೆ ಇದಕ್ಕಿಂತ ಅಗ್ಗದ ಪ್ರಯೋಗಶಾಲೆ ಯಾವುದು? ಅಂಗಡಿಗೆ ಹೋದಾಗ 150 ಪೌಂಡಿನ ಮಾತನ್ನು ಪಕ್ಕಕ್ಕಿಟ್ಟು, ಈ ಗಾತ್ರದ ಟೈರನ್ನು 18ರಿಂದ 32ಕ್ಕೆ ಏರಿಸಲು ಎಷ್ಟು ನಿಮಿಷ ಎಂದು ಕೇಳುವ ಹುಡುಗರೂ ಹುಡುಗಿಯರೂ ಹೆಚ್ಚಿದಂತೆ ತಯಾರಕರು ಆ ಅಂಕಿಯನ್ನು ಅಚ್ಚುಹಾಕಲೇಬೇಕಾಗುತ್ತದೆ. ಪೆಟ್ಟಿಗೆಯ ಮೇಲೆ ಎರಡೇ ಸಾಲು ಸಾಕು: ಇಂತಹ ಟೈರಿಗೆ, ಇಷ್ಟರಿಂದ ಇಷ್ಟಕ್ಕೆ, ಇಷ್ಟು ನಿಮಿಷ, ಬಿಡುವಿಲ್ಲದೆ ಇಷ್ಟು ಟೈರು. ಇದನ್ನು ಕಡ್ಡಾಯಗೊಳಿಸಬೇಕೆಂದು ನಾವು ಅಭಿಪ್ರಾಯಪಡುತ್ತೇವೆ.

ಅಲ್ಲಿಯವರೆಗೆ ಗಡಿಯಾರವೇ ಗತಿ. ಗೌರಿಬಿದನೂರಿನ ಪ್ರಸಂಗವಾದ ಮೇಲೆ ನಾವು ಎರಡು ಉರುಳೆಗಳ, ಬ್ಯಾಟರಿಗೆ ಕಚ್ಚಿಸುವ ಒಂದು ಪಂಪನ್ನು ಕೊಂಡೆವು. ಬೆಲೆ ಮೊದಲಿನದರ ಮೂರರಷ್ಟಕ್ಕಿಂತ ಹೆಚ್ಚಾಯಿತೆಂಬುದನ್ನು ಮರೆಮಾಚುವುದಿಲ್ಲ. ಅದರ ಪೆಟ್ಟಿಗೆಯ ಮೇಲೂ 150 ಪೌಂಡೇ ಇತ್ತು; ಗಾಳಿ ನಿಮಿಷಕ್ಕೆ 70 ಲೀಟರೆಂದಿತ್ತು. ಆರ್.ಟಿ. ನಗರದ ಮನೆಯ ಅಂಗಳದಲ್ಲಿ ತಣ್ಣಗಿನ ಟೈರನ್ನು 18 ಪೌಂಡಿಗೆ ಇಳಿಸಿ, ಹೈಸ್ಕೂಲಿನಲ್ಲಿ ಓದುವ ಹುಡುಗಿಯ ಕೈಗೆ ಗಡಿಯಾರ ಕೊಟ್ಟೆವು. ಬಿಡಿ ಮಾಪಕದಲ್ಲಿ 32 ಬರುವಷ್ಟರಲ್ಲಿ ಪಂಪು ಓಡಿದ್ದು 70 ಸೆಕೆಂಡು. 64 ಲೀಟರನ್ನು 70ರಿಂದ ಭಾಗಿಸಿ 60ರಿಂದ ಗುಣಿಸಿದ ಆಕೆ, ಹೇಳಿದ್ದು 70, ಕೊಟ್ಟದ್ದು 55 ಎಂದು ಪೆಟ್ಟಿಗೆಯ ಮುಚ್ಚಳದ ಮೇಲೆ ಬರೆದಳು. ಅನಂತರ ಮೂಲೆಯಲ್ಲಿ ಬಿದ್ದಿದ್ದ ಹಳೆಯ ಪಂಪಿನ ಪೆಟ್ಟಿಗೆಯನ್ನು ಕೇಳಿ ತೆಗೆದುಕೊಂಡು, ನಾವು ಹೇಳಿದ ಐದು ನಿಮಿಷದ ಲೆಕ್ಕವನ್ನು ಹಿಡಿದು, ಅದರ ಮೇಲೂ ಬರೆದಳು: ಹೇಳಿದ್ದು 35, ಕೊಟ್ಟದ್ದು 13.